ಹಲೀಮಾ ಕಡಿದ ಮರಗಳು

ಹೊರಡುವ ಮೊದಲು

ಆಫ್ರಿಕಾಕ್ಕೆ ಹೋಗಿ ಬಂದೆ ಎಂದ ಕೂಡಲೇ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು: "ಸಿಂಹ ನೋಡಿದಿರಾ?" ನೋಡಲಿಲ್ಲ. ಆನೆಯನ್ನೂ ನೋಡಲಿಲ್ಲ. ಕೀನ್ಯಾದಲ್ಲಿ ನಾನು ನೋಡಿದ್ದು ಕೆಸರು, ಆ ಕೆಸರಿನಲ್ಲಿ ಸೊಂಟದವರೆಗೆ ಹೂತುಹೋಗಿದ್ದ ನನ್ನ ಅಣ್ಣ, ಅವರ ಎದೆಗೆ ಏರುತ್ತಿದ್ದ ನೀರು. ಬಂದು ತಿಂಗಳುಗಳಾದವು. ಈಗಲೂ ಕರಿಹಲಗೆಯ ಮೇಲೆ ಬರೆಯುತ್ತಿರುವಾಗ ಒಮ್ಮೊಮ್ಮೆ ಕೈ ನಿಂತುಬಿಡುತ್ತದೆ. ಟೀಚರಿಗೆ ಲೆಕ್ಕ ಮರೆತುಹೋಯಿತು ಎಂದು ಮಕ್ಕಳು ತಿಳಿಯುತ್ತಾರೆ.

ನಮ್ಮ ಕಡೆ ಅಣ್ಣನಿಗೆ ಇಚ್ಚ, ತಾಯಿಗೆ ಉಮ್ಮ ಎನ್ನುತ್ತೇವೆ. ನನ್ನ ಹಮೀದ್ ಇಚ್ಚ ಶಾರ್ಜಾಕ್ಕೆ ಹೋದಾಗ ನಾನಿನ್ನೂ ಮದ್ರಸಕ್ಕೆ ಸೇರಿರಲಿಲ್ಲ. ಮತ್ತೆ ಅವರು ಬರುತ್ತಿದ್ದದ್ದು ರಜೆಗೆ ಮಾತ್ರ. ರಜೆ ಮುಗಿಸಿ ಹೋದ ದಿನ ಉಮ್ಮ ಅವರ ತಟ್ಟೆಯನ್ನು ತೊಳೆದು, ಒರೆಸಿ, ಅಟ್ಟಕ್ಕೆ ಏರಿಸುತ್ತಿದ್ದರು. ಒಂದೇ ಮನೆಯ ಮಕ್ಕಳಾದರೂ ಅಣ್ಣ ನಗುವಾಗ ಹೇಗೆ ಕಾಣುತ್ತಾರೆ ಎಂಬುದು ನನಗೆ ಫೋಟೋದಿಂದಲೇ ಗೊತ್ತು ಎನ್ನಬೇಕು.

ನಮ್ಮೂರಿನ ಮೊಗ್ರಾಲ್ ಹೊಳೆ ಕಡಲು ಸೇರುವ ಮೊದಲು ಒಂದು ಕಡೆ ಮೈಚಾಚಿ ಅಗಲವಾಗುತ್ತದೆ. ಅಲ್ಲಿ ನಮಗೊಂದು ತುಂಡು ಜಾಗ. ದಾಖಲೆಯಲ್ಲಿ ಅದು ತೆಂಗಿನ ತೋಟ. ಕಟ್ಟ ಒಡೆದು, ಉಪ್ಪುನೀರು ನುಗ್ಗಿ, ತೆಂಗೆಲ್ಲ ಸತ್ತು, ಈಗ ಪೂರ್ತಿ ಕಾಂಡ್ಲ ಕಾಡು, ಇಂಗ್ಲಿಷಿನ ಮ್ಯಾಂಗ್ರೋವ್, ಇಚ್ಚನ ಬಾಯಲ್ಲಿ ಕಂಡಲ್. ನೀರು ಇಳಿದ ಹೊತ್ತಿಗೆ ಉಮ್ಮ ನನ್ನನ್ನು ಕರೆದುಕೊಂಡು ಹೋಗಿ ಬೇರುಗಳ ನಡುವೆ ಮರುವಾಯಿ, ಅಂದರೆ ತಿನ್ನುವ ಚಿಪ್ಪು, ಹೆಕ್ಕುತ್ತಿದ್ದರು. ಉಮ್ಮ ತೀರಿಕೊಂಡ ಮೇಲೆ ಜಾಗ ನಮ್ಮಿಬ್ಬರ ಹೆಸರಿಗೆ ಬಂತು. ಊರಿಗೆ ಕಾಯಂ ಆಗಿ ಮರಳಿದ ಇಚ್ಚನಿಗೆ ಅಲ್ಲಿ ಮಣ್ಣು ತುಂಬಿಸಿ ಮದುವೆ ಹಾಲ್ ಕಟ್ಟಬೇಕೆಂಬ ಆಸೆ. ಅದಕ್ಕೆ ನನ್ನ ಸಹಿ ಬೇಕು. ನಾನು ಕೊಡಲಿಲ್ಲ.

"ಅದನ್ನು ಮುಟ್ಟಬಾರದೆಂದು ಕಾನೂನು ಉಂಟು ಇಚ್ಚ."

"ಕಾನೂನು ಉಂಟು, ಲಾರಿಯೂ ಉಂಟು. ಆ ಕಂಡಲ್ ನಿನಗೆ ಎಂತ ಕೊಡ್ತದೆ? ಸೊಳ್ಳೆ ಕೊಡ್ತದೆ."

"ಗಾಳಿಯಲ್ಲಿರುವ ಇಂಗಾಲವನ್ನು ಹೀರಿ ಕೆಸರಿನಲ್ಲಿ ಹಿಡಿದಿಡ್ತದೆ. ಅದಕ್ಕೆ ಹಣ ಕೊಡುವವರು ಈಗ ಇದ್ದಾರೆ."

"ಕೆಸರಿಗೆ ಹಣವಾ! ಕಾಲೇಜಿನಲ್ಲಿ ಇದನ್ನೇ ಕಲಿಸುವುದಾ ನೀನು?"

ನೋಟು ರದ್ದಾದ ಮರುವರ್ಷ ಈ ಜಗಳ ನಡೆಯುತ್ತಿದ್ದಾಗಲೇ ಜುಮಾನ ಫೋನು ಬಂತು. ಜುಮಾ ಕೀನ್ಯಾದವನು, ಶಾರ್ಜಾದ ಗೋದಾಮಿನಲ್ಲಿ ಇಚ್ಚನ ಜೊತೆ ದುಡಿದವನು, ಒಂದೇ ರೂಮಿನಲ್ಲಿ ಕೆಳಗಿನ ಮಂಚ ಅವನದು, ಮೇಲಿನದು ಇಚ್ಚನದು. ಮಗಳ ಮದುವೆ, ಬರಲೇಬೇಕು ಎಂದ. ಮಾತಿನ ನಡುವೆ, ತನ್ನ ಊರಿನವರು ಕಾಂಡ್ಲ ಕಾಡನ್ನು ಕಾದು ಅದರ ಇಂಗಾಲ ಮಾರುತ್ತಾರೆ ಎಂದೂ ಹೇಳಿದ.

ಇಚ್ಚ ಫೋನು ಇಟ್ಟು ನನ್ನ ಕಡೆ ತಿರುಗಿದರು. "ಬಾ, ಹೋಗಿ ನೋಡುವ. ಹಣ ಬರುವುದು ಸತ್ಯವಾದರೆ ನಾನು ಬಾಯಿ ಮುಚ್ಚುತ್ತೇನೆ. ಅಲ್ಲವಾದರೆ ನೀನು ಸೈನ್ ಹಾಕಬೇಕು." ಅತ್ತಿಗೆಗೆ ಮೊಣಕಾಲು ನೋವು. ಅವರ ಬದಲಿಗೆ ನಾನು ಹೊರಟೆ.

ಜುಮಾನ ಅಂಗಳ

ಮೊಂಬಾಸ ಪೇಟೆಯಿಂದ ತೆಂಕಕ್ಕೆ ಹೋಗಬೇಕಾದರೆ ಜನ, ಲಾರಿ, ಸೈಕಲ್ಲು, ಕಾಲು ಕಟ್ಟಿದ ಕೋಳಿ ಎಲ್ಲ ಒಂದೇ ಕಡವಿನಲ್ಲಿ ಫೆರಿ ಹತ್ತಿ ದಾಟಬೇಕು. ಇಚ್ಚನಿಗೆ ಖುಷಿಯೋ ಖುಷಿ. "ನಮ್ಮಲ್ಲಿ ಸೇತುವೆ ಬಂದು ಕಡವು ಹೋಯಿತು ನೋಡು. ಕಡವಿನಲ್ಲಿ ಎಷ್ಟು ಸುದ್ದಿ ಸಿಗುತ್ತಿತ್ತು!" ಇಲ್ಲಿಯೂ ಸುದ್ದಿ ಸಿಗುತ್ತಿತ್ತು, ನಮಗೆ ಅರ್ಥವಾಗುತ್ತಿರಲಿಲ್ಲ ಅಷ್ಟೆ.

ಆಚೆ ದಡದಿಂದ ಜುಮಾನ ಹಳ್ಳಿಯವರೆಗೆ ದಾರಿಯುದ್ದಕ್ಕೂ ತೆಂಗು, ಮಾವು, ಗೇರು. ಲುಂಗಿಯಂಥದ್ದನ್ನೇ ಉಟ್ಟ ಗಂಡಸರು ಜಗಲಿಯಲ್ಲಿ ಕೂತು ರಸ್ತೆ ನೋಡುವುದೂ ನಮ್ಮ ಹಾಗೆಯೇ. ಸಲಾಂ ಹೇಳಿದರೆ ಎದ್ದು ನಿಂತು ಉತ್ತರಿಸುತ್ತಾರೆ. ಚಪಾತಿಗೆ ಚಪಾತಿ ಎಂದೇ ಹೆಸರು. ಇಷ್ಟು ದೂರ ಹಾರಿಬಂದು ಮೊಗ್ರಾಲಿನಲ್ಲೇ ಇಳಿದ ಹಾಗಾಯಿತು. ಆದರೆ ಇದು ಉಮ್ಮ ಇದ್ದ ಕಾಲದ ಮೊಗ್ರಾಲು. ಮನೆಯಲ್ಲಿದ್ದಾಗ ಮನೆಯ ನೆನಪಿನಲ್ಲಿ ಹೀಗೆ ಸಂಕಟವಾದದ್ದಿಲ್ಲ.

ನನ್ನ ಪೆಟ್ಟಿಗೆ ವಿಮಾನದಿಂದ ಇಳಿದೇ ಇರಲಿಲ್ಲ. ಮದುವೆಗೆ ಜುಮಾನ ಹೆಂಡತಿ ತನ್ನ ಕಾಂಗಾ ಕೊಟ್ಟಳು. ಅದು ಎರಡು ತುಂಡಿನ ಹೂವಿನ ಬಟ್ಟೆ, ಅಂಚಿನಲ್ಲಿ ಒಂದು ಸಾಲು ಬರಹ ಅಚ್ಚಾಗಿರುತ್ತದೆ. ಆ ಸಾಲು ಉಟ್ಟವಳ ಮಾತು ಎಂದು ಲೆಕ್ಕವಂತೆ. ಹಿಂದೆ ಬಂದ ಹೆಂಗಸರೆಲ್ಲ ನನ್ನ ಬೆನ್ನ ಕೆಳಗೆ ಓದಿ ಬಾಯಿಗೆ ಕೈಯಿಟ್ಟು ನಕ್ಕರು. ಸಂಜೆಯಾಗುವಾಗ ಜುಮಾ ಅರ್ಥ ಹೇಳಿದ: ನನ್ನ ಮೇಲೆ ಹೊಟ್ಟೆಕಿಚ್ಚು ಪಡುವವರು ಪಡಲಿ. ಕಾಮರ್ಸ್ ಉಪನ್ಯಾಸಕಿಯಾದ ನಾನು ದಿನವಿಡೀ ಆ ಊರಿನ ಹೆಂಗಸರಿಗೆ ಅದನ್ನು ಹೇಳುತ್ತ ತಿರುಗಿದ್ದೆ.

ಇಚ್ಚನ ಪೆಟ್ಟಿಗೆ ಬಂದಿತ್ತು. ಅದರಲ್ಲಿ ನಮ್ಮೂರ ಹತ್ತಿರದ ತಳಂಗರೆಯಲ್ಲಿ ಕೈಯಲ್ಲೇ ಹೊಲಿಸಿದ ಟೊಪ್ಪಿಗಳು. ಅಲ್ಲಿಯ ಗಂಡಸರೂ ಕೈಹೊಲಿಗೆಯ ಟೊಪ್ಪಿ ಹಾಕುವವರೇ. ಒಬ್ಬ ಮುದುಕ ನಮ್ಮ ಟೊಪ್ಪಿಯನ್ನು ಒಳಮಗ್ಗುಲು ತಿರುಗಿಸಿ ಗಂಟು ಎಲ್ಲಿ ಅಡಗಿದೆ ಎಂದು ಬೆಳಕಿಗೆ ಹಿಡಿದು ಹುಡುಕಿದ. ಸಿಗಲಿಲ್ಲ. ಆಮೇಲೆ ಟೊಪ್ಪಿಯನ್ನು ತಲೆಗಿಟ್ಟು ಊಟ ಮುಗಿಯುವವರೆಗೂ ತೆಗೆಯಲಿಲ್ಲ.

ಕಾಂಡ್ಲದ ನೀರು

ಜುಮಾನ ಮನೆಯ ಹತ್ತಿರ ಒಂದು ನಲ್ಲಿ. ಹೆಂಗಸರು ಕೊಡ ಸಾಲಿಟ್ಟು ಜಗಳವಾಡುತ್ತಿದ್ದರು. "ಇದು ಕಾಂಡ್ಲದ ನೀರು," ಎಂದ ಜುಮಾ. ಅವನು ಇಚ್ಚನೊಡನೆ ಆಡುವುದು ಗಲ್ಫಿನ ಹಿಂದಿ. ಅರ್ಧ ಹಿಂದಿ, ಕಾಲು ಅರಬಿ, ಉಳಿದದ್ದು ಕೈಸನ್ನೆ. "ಕಾಡಿನ ಹಣದಿಂದ ಪೈಪು ಹಾಕಿದ್ದು. ಶಾಲೆಯ ಬೆಂಚೂ ಅದರದ್ದೇ."

ಲೆಕ್ಕವನ್ನು ವಿವರಿಸಲು ಅವನು ಬೀ ಹಲೀಮಾರನ್ನು ಕರೆಸಿದ. 'ಬೀ' ಎಂದರೆ ಅಲ್ಲಿ ಗೌರವದ ಮಾತು, ನಮ್ಮ ಬೀವಿಯ ಹಾಗೆ. ಕಾಡು ಕಾಯುವ ಊರ ಸಮಿತಿಗೆ ಅವರೇ ಯಜಮಾನಿ. ದಪ್ಪ ಹೆಂಗಸು, ದೊಡ್ಡ ದನಿ. ಅವರು ಹೇಳಿದ್ದನ್ನು ಜುಮಾ ಹಿಂದಿ ಮಾಡಿದ. ಎಲ್ಲೋ ದೂರದ ದೇಶದ ಕಂಪೆನಿ ಎಣ್ಣೆ ಸುಡುತ್ತದೆ. ಅಷ್ಟೇ ಹೊಗೆಯನ್ನು ಈ ಕಾಡು ಹಿಡಿದಿಟ್ಟಿದೆ ಎಂಬ ಪತ್ರವನ್ನು ಕೊಂಡುಕೊಳ್ಳುತ್ತದೆ. ಮರ ಅಳೆಯಲು ಜನ ಬರುತ್ತಾರೆ. ಕೊಳವೆ ಚುಚ್ಚಿ ಕೆಸರನ್ನೂ ಒಯ್ಯುತ್ತಾರೆ, ಯಾಕೆಂದರೆ ಮರದಲ್ಲಿರುವುದಕ್ಕಿಂತ ಹೆಚ್ಚು ಆ ಕೆಸರಿನಲ್ಲೇ ಇದೆ. ಕಾಡು ಕಡಿದರೆ ಅದೂ ಮೆಲ್ಲಗೆ ಗಾಳಿಗೆ ಸೇರುತ್ತದೆ.

"ಒಬ್ಬೊಬ್ಬರ ಕೈಗೆ ಎಷ್ಟು ಬರ್ತದೆ?" ಇಚ್ಚ ಕೇಳಿದರು.

"ಕೈಗೆ ಏನೂ ಇಲ್ಲ. ಊರಿಗೆ."

"ಮತ್ತೆ ಕಂಬ ಕಡಿದು ಬದುಕುತ್ತಿದ್ದವರು?"

ಹಲೀಮಾ ಜುಮಾನ ಮುಖ ನೋಡಿದರು. ಉತ್ತರ ಜುಮಾನೇ ಕೊಡಬೇಕಾಯಿತು. ಅವನ ಅಪ್ಪ ಕಾಂಡ್ಲದ ಕಂಬ ಕಡಿಯುತ್ತಿದ್ದವನು. ಹಿಂದೆ ಆ ಕಂಬಗಳು ಹಾಯಿಹಡಗಿನಲ್ಲಿ ಅರಬರ ನಾಡಿಗೆ ಹೋಗುತ್ತಿದ್ದವು. ಶಾರ್ಜಾದ ಹಳೆಯ ಮನೆಗಳ ಮಾಡಿನಲ್ಲಿ ಇಚ್ಚನೂ ಅವನ್ನು ನೋಡಿದ್ದರು. "ಈಗ ನನ್ನ ಮಗಳ ಮದುವೆಯ ಚಪ್ಪರಕ್ಕೆ ಗಾಳಿಮರದ ಕಂಬ ಕೊಂಡು ತಂದೆ," ಎಂದ ಜುಮಾ. "ಕಾಡು ಕಾಲಬುಡದಲ್ಲಿ, ಕಂಬ ಪೇಟೆಯಿಂದ. ಕಂಬ ಕಡಿದು ಸಿಕ್ಕಿಬಿದ್ದ ನನ್ನ ತಮ್ಮ ಹಲೀಮಾಳ ಜೊತೆ ಮಾತು ಬಿಟ್ಟಿದ್ದಾನೆ."

ನಾನು ನನ್ನ ಪ್ರಶ್ನೆ ಕೇಳಿದೆ. ನಮ್ಮಲ್ಲಿ ಇಂಥದ್ದೇ ಒಂದು ತುಂಡು ಇದೆ, ಯಾರೂ ಕಡಿದಿಲ್ಲ, ಅದನ್ನೂ ಹೀಗೆ ಮಾರಬಹುದೇ?

ಹಲೀಮಾ ಎರಡೂ ಕೈ ಹರಡಿ ಅಗಲ ಕೇಳಿದರು. ನಾನು ಹೇಳಿದೆ. ಅವರು ನಕ್ಕರು. ಅಷ್ಟು ಸಣ್ಣ ಜಾಗವಾದರೆ, ಅಳೆಯಲು ಬಂದವನ ಖರ್ಚೇ ಹುಟ್ಟುವುದಿಲ್ಲ. ಮೇಲಾಗಿ, ಕಡಿದುಹೋಗುವ ಅಪಾಯ ಇದ್ದದ್ದನ್ನು ಉಳಿಸಿದರೆ ಮಾತ್ರ ಹಣ. ಯಾರೂ ಕಡಿಯದ ಕಾಡಿಗೆ ಯಾರು ಕೊಡುತ್ತಾರೆ?

ಇಚ್ಚ ತೊಡೆ ತಟ್ಟಿಕೊಂಡು ನಕ್ಕರು. "ಕೇಳಿದೆಯಾ ಸಫೀ? ನಾನು ಲಾರಿ ತರಿಸಿದರೆ ಮಾತ್ರ ನಿನ್ನ ಕಂಡಲಿಗೆ ಬೆಲೆ! ನಿನ್ನ ಮರ ಕಾಯುವುದು ನಾನು, ಗೊತ್ತಾಯಿತಾ?"

ನಾನು ಸೋತಿದ್ದೆ. ಊರಿಗೆ ಹೋಗಿ ಸೈನ್ ಹಾಕುತ್ತೇನೆ ಎಂದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಗೆದ್ದ ಸಂತೋಷಕ್ಕೆ ಅಲ್ಲ ಎಂದು ಅನ್ನಿಸಿತು. ಆ ಕೈ ಹಾಗೆ ಇರಲಿ, ಈ ಅಂಗಳದಲ್ಲೇ ಇನ್ನಷ್ಟು ದಿನ ಇರುವ ಎಂದು ಆಸೆಯಾಯಿತು.

ಕೆಸರು

ಮರುದಿನ ಸಸಿ ನೆಡುವ ದಿನ. ಹುಣ್ಣಿಮೆ ಕಳೆದಿತ್ತಷ್ಟೆ, ನೀರು ತುಂಬ ದೂರ ಇಳಿದಿತ್ತು. ಹೆಂಗಸರ ಸಾಲು ಕೆಸರಿಗೆ ಇಳಿಯಿತು. ಒಬ್ಬಳು ಮಾತ್ರ ಇಳಿಯಲಿಲ್ಲ. ಅಂಚಿನ ಮರದ ಬೇರಿನ ಮೇಲೆ ಕೂತು ನೀರನ್ನೇ ನೋಡುತ್ತಿರುವುದು ಅವಳ ಕೆಲಸ. ಅವಳು ಡಬ್ಬಿ ಬಡಿದರೆ ಕೈಯಲ್ಲಿರುವ ಸಸಿಯನ್ನೂ ನೆಡದೆ ಎಲ್ಲರೂ ಮೇಲೆ ಬರಬೇಕು.

"ನೀರು ನೋಡಲಿಕ್ಕೂ ಒಂದು ಜನ! ಸುಖದ ಉದ್ಯೋಗ," ಎಂದು ಇಚ್ಚ ನಕ್ಕರು. ಮುಂಡನ್ನು ಎತ್ತಿ ಕಟ್ಟಿ ಅವರೂ ಇಳಿದರು. ಮರದಲ್ಲೇ ಮೊಳೆತ, ನುಗ್ಗೆಕಾಯಿಯ ಹಾಗೆ ಉದ್ದವಾದ ಕಾಂಡ್ಲದ ಕಾಯಿಗಳನ್ನು ಕೆಸರಿಗೆ ಚುಚ್ಚುತ್ತ, ಜಾರುತ್ತ, ಹೆಂಗಸರನ್ನು ನಗಿಸುತ್ತ ಹೋದರು. ಫೋಟೋದಲ್ಲಿಲ್ಲದ ನಗು ಅದು. ನನಗಿಂತ ಮೊದಲು ಉಮ್ಮನ ಜೊತೆ ಹೊಳೆಗೆ ಇಳಿಯುತ್ತಿದ್ದ ಹುಡುಗನನ್ನು ನಾನು ಆ ದಿನ ಕಂಡೆ.

ದೂರದಲ್ಲಿ, ನೀರಿನ ಕಾಲುವೆಯ ಅಂಚಿನಲ್ಲಿ, ಚಿಪ್ಪುಗಳು ಬೆಳ್ಳಗೆ ಕಂಡವು. "ಮರುವಾಯಿ!" ಎಂದು ಕೂಗಿ ಇಚ್ಚ ಆ ಕಡೆ ನಡೆದರು. ಅಷ್ಟರಲ್ಲಿ ಡಬ್ಬಿ ಬಡಿಯಿತು. ಹೆಂಗಸರು ಥಟ್ಟನೆ ತಿರುಗಿದರು. ಇಚ್ಚನಿಗೂ ಕೇಳಿಸಿತ್ತು. ಕೈ ಎತ್ತಿ, "ಬರ್ತೇನೆ, ಇನ್ನೂ ಹೊತ್ತುಂಟು" ಎಂದರು.

ಮೊಗ್ರಾಲಿನಲ್ಲಿ ಹೊತ್ತು ಇರುತ್ತದೆ. ನೀರು ತಿರುಗಿದ ಮೇಲೂ ನಾವು ಆರಾಮವಾಗಿ ಹೆಕ್ಕುತ್ತಿದ್ದೆವು. ಏರಿ ಏರಿ ಸೊಂಟಕ್ಕೆ ಬಂದರೆ ಹೆಚ್ಚು. ಕೀನ್ಯಾದ ಆ ತೀರದಲ್ಲಿ ಉಬ್ಬರ ಎಂದರೆ ಎರಡಾಳು ಎತ್ತರ. ಇನ್ನೊಂದು, ನಮ್ಮಲ್ಲಿ ಹೊಳೆಯ ಕಡೆಗೆ ಹೋದಷ್ಟೂ ಕಾಲಿಗೆ ಗಟ್ಟಿ ಮರಳು ಸಿಗುತ್ತದೆ. ಇಚ್ಚ ತಮ್ಮ ಹೊಳೆಯನ್ನು ನಂಬಿ ಹೆಜ್ಜೆ ಇಟ್ಟರು. ಅಲ್ಲಿ ಕಾಲುವೆಯ ಅಂಚೇ ಎಲ್ಲಕ್ಕಿಂತ ಮೆತ್ತಗೆ.

ತೊಡೆಯವರೆಗೆ ಹೋದಾಗ ಅವರು ನಗುತ್ತಲೇ ಇದ್ದರು. ಒಂದು ಕಾಲು ಕೀಳಲು ಇನ್ನೊಂದನ್ನು ಒತ್ತಿದರು, ಸೊಂಟದವರೆಗೆ ಹೋಯಿತು. ಆಗ ನನ್ನನ್ನು ಹುಡುಕಿ ನೋಡಿದರು. ಈಗ ಪದೇ ಪದೇ ಬರುವುದು ಆ ನೋಟ. ಹಿಂದಿನಿಂದ ಕಾಲುವೆಯಲ್ಲಿ ನೀರು ಸದ್ದಿಲ್ಲದೆ, ಅವಸರವೂ ಇಲ್ಲದೆ, ಬರುತ್ತಿತ್ತು.

ನಾನು ಓಡಹೊರಟೆ. ಇಬ್ಬರು ಹೆಂಗಸರು ನನ್ನನ್ನು ಹಿಡಿದು ಒಂದು ಮರಕ್ಕೆ ಒತ್ತಿದರು. ಜುಮಾ ಬೆಳಿಗ್ಗೆಯೇ ದೋಣಿ ತರಲು ಇನ್ನೊಂದು ಕಡೆಗೆ ಹೋಗಿದ್ದ. ಅಲ್ಲಿದ್ದ ಯಾರಿಗೂ ನಮ್ಮ ಭಾಷೆ ಬಾರದು, ನಮಗೆ ಅವರದು ಬಾರದು. ಹಲೀಮಾ ಕಿರಿಚಿ ಹೇಳುತ್ತಿದ್ದದ್ದು ಇಚ್ಚನಿಗೆ ತಿಳಿಯಲಿಲ್ಲ. ಆಗ ಆ ದಪ್ಪ ಹೆಂಗಸು ಅವರಿಗೆ ಕಾಣುವ ಹಾಗೆ ಕೆಸರಿನ ಮೇಲೆ ಕೈಕಾಲು ಚಾಚಿ ಬೋರಲು ಬಿದ್ದುಬಿಟ್ಟರು. ಹೀಗೆ, ಹೀಗೆ ಎಂದು ಮುಖ ಎತ್ತಿ ತೋರಿಸಿದರು. ನಿಲ್ಲಬೇಡ, ಮಲಗು. ಇಚ್ಚ ಎದೆಯನ್ನು ಮುಂದಕ್ಕೆ ಚೆಲ್ಲಿದರು. ಮುಳುಗುವುದು ನಿಂತಿತು. ನೀರು ಏರುವುದು ನಿಲ್ಲಲಿಲ್ಲ.

ಮತ್ತೆ ಹಲೀಮಾ ಎದ್ದು, ಎಳನೀರು ಕೆತ್ತಲು ತಂದಿದ್ದ ಕತ್ತಿ ಕೇಳಿದರು. ಒಂದು ಕೊಂಬೆ ಮುರಿದರೂ ಸಮಿತಿಯ ಮುಂದೆ ನಿಲ್ಲಿಸುವ ಹೆಂಗಸು ಕಾಂಡ್ಲವನ್ನು ಕಡಿಯತೊಡಗಿದರು. ನಾನು ಒರಗಿದ್ದ ಮರಕ್ಕೆ ಅಳತೆಯ ತಗಡಿನ ಬಿಲ್ಲೆ ಹೊಡೆದಿತ್ತು. ನನ್ನನ್ನು ಸರಿಸಿ ಅದನ್ನೂ ಕಡಿದರು. ಹೆಂಗಸರು ಸೊಪ್ಪಿನ ಸಮೇತ ಕೊಂಬೆಗಳನ್ನು ಎಳೆದೆಳೆದು ಚಾಪೆಯ ಹಾಗೆ ಹಾಸಿದರು. ಹಲೀಮಾ ಅದರ ಮೇಲೆ ತೆವಳಿಕೊಂಡು ಹೋಗಿ, ನೀರೊಳಗೆ ಭುಜದವರೆಗೆ ಕೈ ಇಳಿಸಿ, ಇಚ್ಚನ ಕಾಲಿನ ಸುತ್ತಲಿನ ಕೆಸರನ್ನು ಕಲಕಿದರು. ಹೊರಗಿದ್ದ ನೀರು ಆ ಸಂದಿಗೆ ನುಗ್ಗಿ ಕೆಸರು ಸಡಿಲವಾಯಿತು. ಇಚ್ಚನ ಗಡ್ಡ ಒದ್ದೆಯಾಗಿತ್ತು. ಕೊನೆಗಳಿಗೆಯ ಕಲಿಮ ಹೇಳುತ್ತಿದ್ದರು, ತುಟಿ ಕಾಣುತ್ತಿತ್ತು. ಹೆಂಗಸರು ಕಾಂಗಾಗಳನ್ನು ಹೆಣೆದು ಅವರ ಕಂಕುಳಿಗೆ ಕಟ್ಟಿ ಎಳೆದರು.

ಒಮ್ಮೆಗೇ ಬಂದರು. ಮುಂಡು ಕೆಸರಿನಲ್ಲೇ ಉಳಿಯಿತು. ದಡದಲ್ಲಿ ಯಾರದೋ ಹೂವಿನ ಕಾಂಗಾ ಸುತ್ತಿಕೊಂಡು ಕೂತು, ನನ್ನನ್ನು ನೋಡಿ, "ಉಮ್ಮನಿಗೆ ಹೇಳಬೇಡ" ಎಂದರು. ಉಮ್ಮ ತೀರಿಕೊಂಡದ್ದು ಅವರಿಗೆ ಆ ಹೊತ್ತು ನೆನಪಿರಲಿಲ್ಲ.

ಅವರು ಕೂತಿದ್ದ ಹಾಗೆಯೇ, ಅವರು ಹೂತಿದ್ದ ಜಾಗದ ಮೇಲೆ ನೀರು ಮುಚ್ಚಿ, ಅದರ ಮೇಲೆ ಒಂದು ದೋಣಿ ಬಂತು. ಜುಮಾ ಕೈಬೀಸುತ್ತಿದ್ದ.

ಮಾವಿನ ಮರದ ಅಡಿ

ಮಾರನೆಯ ದಿನ ಮಾವಿನ ಮರದ ನೆರಳಿನಲ್ಲಿ ಸಮಿತಿ ಸೇರಿತು. ಯಜಮಾನಿಯೇ ಎದ್ದು ನಿಂತು, "ನಾನು ಕಡಿದೆ" ಎಂದರು. ಅಳೆಯುವವರು ಬಂದಾಗ ಆ ಮರಗಳಿಲ್ಲ ಎಂದು ಹೇಳಲೇಬೇಕು. ಊರಿನ ಲೆಕ್ಕದಲ್ಲಿ ಅಷ್ಟು ಕಡಿಮೆ. ಜುಮಾನ ತಮ್ಮ, ಆ ಕಂಬ ಕಡಿಯುತ್ತಿದ್ದವನು, ಹಿಂದಿನಿಂದ ಏನೋ ಹೇಳಿದ. ಕಂಬ ಕಡಿದ ತನ್ನನ್ನು ಹಿಡಿದವಳು ಈಗ ಸ್ವತಃ ಸಿಕ್ಕಿಬಿದ್ದಳು ಎಂದನಂತೆ. ಎಲ್ಲರೂ ನಕ್ಕರು. ಹಲೀಮಾ ನಗಲಿಲ್ಲ.

ಇಚ್ಚ ಎದ್ದು ಪರ್ಸು ತೆಗೆದರು. ಜುಮಾ ಅವರ ಕೈ ಹಿಡಿದ. "ಒಳಗಿಡು ಭಾಯಿ. ಇಲ್ಲಿ ಹಾಗಲ್ಲ."

ಅಲ್ಲಿಯ ಕಟ್ಟಳೆ ಬೇರೆ. ಕಡಿದವರು ಬದಲಿಗೆ ನೆಡಬೇಕು. ನೆಟ್ಟರೆ ಸಾಲದು, ಅದು ತಾನೇ ಕಾಯಿ ಬಿಡುವವರೆಗೆ ನೋಡಿಕೊಳ್ಳಬೇಕು. ಕಡಿದದ್ದು ಹಲೀಮಾ, ಕಡಿಸಿದ್ದು ತಾನು, ಆದ್ದರಿಂದ ತಾನೇ ನೆಡುತ್ತೇನೆ ಎಂದರು ಇಚ್ಚ. ಒಬ್ಬ ಮುದುಕ ಕೇಳಿದ: "ನೆಟ್ಟು ನಾಡಿದ್ದು ವಿಮಾನ ಹತ್ತುತ್ತೀ. ಯಾರು ನೋಡುವುದು?" ಬಹಳ ಹೊತ್ತು ಮಾತು ನಡೆಯಿತು. ಕೊನೆಗೆ ಹಲೀಮಾ ನನ್ನ ಕಡೆ ಕೈ ತೋರಿಸಿ ಏನೋ ಹೇಳಿದರು.

"ನಿಮ್ಮ ಊರಿನಲ್ಲಿ ಒಂದು ತುಂಡು ಉಂಟು ಎಂದಳಲ್ಲ ಇವಳು," ಎಂದು ಜುಮಾ ಅನುವಾದಿಸಿದ. "ಅಲ್ಲಿ ನೆಡು, ಅಲ್ಲಿ ನೋಡಿಕೋ ಅನ್ನುತ್ತಾಳೆ. ಕಡಲು ಒಂದೇ ಅಲ್ಲವಾ ಎಂದು ಕೇಳುತ್ತಾಳೆ."

ಲೆಕ್ಕ ಕಲಿಸುವವಳು ನಾನು. ಇದು ಯಾವ ಲೆಕ್ಕಕ್ಕೂ ಬರುವುದಿಲ್ಲ ಎಂದು ನನಗೆ ಗೊತ್ತು. ಮೊಗ್ರಾಲಿನಲ್ಲಿ ಬೆಳೆದ ಮರವನ್ನು ಆ ಊರಿನ ಪತ್ರಕ್ಕೆ ಯಾರೂ ಸೇರಿಸುವುದಿಲ್ಲ. ಅವರ ನಷ್ಟ ನಷ್ಟವೇ. ಅದು ಹಲೀಮಾರಿಗೂ ಗೊತ್ತಿತ್ತು.

ಇಚ್ಚ ಎದೆಯ ಮೇಲೆ ಕೈಯಿಟ್ಟು ಒಪ್ಪಿದರು. ಅವರಿಗೆ ಬೇರೆ ದಾರಿ ಇರಲಿಲ್ಲ ಎಂದು ನೀವು ಹೇಳಬಹುದು. ಹೊರದೇಶದಲ್ಲಿ ಕೊಟ್ಟ ಮಾತನ್ನು ಕಡಲಾಚೆ ಬಿಟ್ಟು ಬರುವವರನ್ನೂ ನಾನು ನೋಡಿದ್ದೇನೆ.

ಮೊಗ್ರಾಲ್

ಊರಿಗೆ ಬಂದ ವಾರದಲ್ಲೇ ಶಾರ್ಜಾದಿಂದ ಇಚ್ಚನ ಮಗ ಫೋನು ಮಾಡಿದ. ಮದುವೆ ಹಾಲ್‌ನ ಕೆಲಸ ಯಾವಾಗ ಶುರು ಎಂದು ಅವನಿಗೆ ತಿಳಿಯಬೇಕಿತ್ತು. ಇಚ್ಚ ಸ್ಪೀಕರ್ ಹಾಕಿದ್ದರು.

"ಹಾಲ್ ಇಲ್ಲ ಮೋನೆ."

"ಎಂತ ಉಪ್ಪ, ಕಾರ್ಬನ್ ಹಣ ಬರ್ತದಾ?"

"ಒಂದು ಪೈಸೆ ಬರುವುದಿಲ್ಲ. ಅದು ಸುಳ್ಳಲ್ಲ, ನಮಗೆ ಇಲ್ಲ ಅಷ್ಟೆ."

"ಮತ್ತೆ ಎಂತಕ್ಕೆ?"

ಇಚ್ಚ ನನ್ನ ಮುಖ ನೋಡಿದರು. "ನನಗೊಂದು ಕೆಲಸ ಉಂಟು ಅಲ್ಲಿ," ಎಂದು ಫೋನು ಇಟ್ಟರು. ಸೈನ್ ಹಾಕುತ್ತೇನೆ ಎಂದು ನಾನು ಒಪ್ಪಿದ್ದೆ. ಕೇಳಿದ್ದರೆ ಹಾಕುತ್ತಿದ್ದೆ. ಅವರು ಕೇಳಲೇ ಇಲ್ಲ.

ಈಗ ನೀರು ಇಳಿದ ಹೊತ್ತಿಗೆಲ್ಲ ಅವರು ಅಲ್ಲಿರುತ್ತಾರೆ. ನಮ್ಮ ಮರಗಳಿಂದಲೇ ಉದುರಿದ ಕಾಯಿಗಳನ್ನು ಹೆಕ್ಕಿ, ಬರಿಗೆಸರು ಇದ್ದಲ್ಲಿ ನೆಟ್ಟಿದ್ದಾರೆ. ಏಡಿ ಕತ್ತರಿಸಿದ್ದಕ್ಕೆ ಬದಲು ಇನ್ನೊಂದು, ಕಸ ಸುತ್ತಿಕೊಂಡರೆ ಬಿಡಿಸುವುದು. ರಜೆಗೆ ಬರುತ್ತಿದ್ದ ಅಣ್ಣ ಈಗ ದಿನವೂ ಇಲ್ಲೇ ಇದ್ದಾರೆ, ಕರೆದರೆ ಕೇಳುವಷ್ಟು ಹತ್ತಿರದಲ್ಲಿ. ಇದಕ್ಕಾಗಿಯೇ ನಾನು ಇಷ್ಟು ವರ್ಷ ಹಂಬಲಿಸಿದ್ದು.

ಕೆಸರಿಗೆ ಇಳಿಯಲಾಗದವಳು ನಾನು. ಸೈನ್ ಹಾಕುವುದಿಲ್ಲ ಎಂದು ಹಟ ಹಿಡಿದವಳು, ಬೇರುಗಳ ನಡುವಿನ ದಾರಿಯನ್ನು ಕಣ್ಣುಮುಚ್ಚಿ ಹೇಳಬಲ್ಲವಳು, ಕಟ್ಟದ ತುದಿಯವರೆಗೆ ಹೋಗಿ ನಿಲ್ಲುತ್ತೇನೆ. ಕಾಲು ಮುಂದೆ ಬರುವುದಿಲ್ಲ. ಉಮ್ಮನ ಹಿಂದೆ ಸೆರಗು ಹಿಡಿದು ನಡೆದ ಆ ನೆರಳು ಅಲ್ಲೇ ಇದೆ, ಒಂದು ಮರವೂ ಹೋಗಿಲ್ಲ. ನನಗೆ ಮಾತ್ರ ಅದು ಕೀನ್ಯಾದಷ್ಟು ದೂರ.

ನಿನ್ನೆ ಸಂಜೆಯೂ ನಿಂತಿದ್ದೆ. ಇಚ್ಚ ಬಾಗಿ ಏನೋ ಹೆಕ್ಕುತ್ತಿದ್ದರು. ಹೊಳೆಯಲ್ಲಿ ನೀರು ತಿರುಗಿ ಅವರ ಹಿಮ್ಮಡಿ ಮುಟ್ಟಿತು.

"ಸಾಕು ಇಚ್ಚ, ಬನ್ನಿ ಮೇಲೆ."

"ಇದು ನಮ್ಮ ನೀರು ಮೋಳೇ. ಎಂತ ಮಾಡುವುದಿಲ್ಲ. ನೀನು ಬಾ ಕೆಳಗೆ."

"ಬರ್ತೇನೆ, ನೀವು ಮೊದಲು ಮೇಲೆ ಬನ್ನಿ."

ಅವರು ನಕ್ಕು ಮೇಲೆ ಬಂದರು. ದಿನವೂ ಹಾಗೆಯೇ ಬರುತ್ತಾರೆ.